ಪುರಸಭೆಯ ಲೆಕ್ಕದಲ್ಲಿ ಒಂದು ತಲೆ ಕಡಿಮೆ

ನಮ್ಮೂರಿನ ಎರಡು ತುದಿಗೂ ಒಂದೊಂದು ಹಳದಿ ಬೋರ್ಡ್ ಇದೆ. ಮೇಲೆ ಊರಿನ ಹೆಸರು, ಅದರ ಕೆಳಗೆ ಪುರಸಭೆ ಎಂಬ ಪದ, ಅದರ ಕೆಳಗೆ ಜನಸಂಖ್ಯೆ. ಮೈಸೂರು ರಸ್ತೆಯಲ್ಲಿ ಓಡುವ ಕಾರಿನವರು ಯಾರೂ ಅದನ್ನು ಓದುವುದಿಲ್ಲ. ನಾನು ಓದುತ್ತೇನೆ. ಹೊಸ ಬಣ್ಣ ಬಳಿದು ಅಂಕಿ ಬದಲಾಯಿಸಿದಾಗಲೂ ಓದುತ್ತೇನೆ, ಓದಿದಾಗಲೆಲ್ಲ ಮನಸ್ಸಿನಲ್ಲೇ ಒಂದನ್ನು ಕೂಡಿಸುತ್ತೇನೆ. ಆ ಒಂದನ್ನು ಬಿಟ್ಟವಳು ನಾನು. ಮರೆತು ಬಿಟ್ಟದ್ದಲ್ಲ. ಗೊತ್ತಿದ್ದೇ ಬಿಟ್ಟದ್ದು.

ನಾನು ಇಲ್ಲಿಗೆ ಸೊಸೆಯಾಗಿ ಬಂದಾಗ ಇದು ಪುರಸಭೆ ಇರಲಿ, ನೆಟ್ಟಗೆ ಒಂದು ಪೇಟೆಯೂ ಆಗಿರಲಿಲ್ಲ. ರಾಮನಗರಕ್ಕೆ ಹೋಗುವ ಪ್ಯಾಸೆಂಜರ್ ರೈಲು ಒಂದೆರಡು ನಿಮಿಷ ನಿಂತು ಹೋಗುವ ಊರು. ಇಳಿದ ಕೂಡಲೇ ಮೂಗಿಗೆ ಬಡಿದದ್ದು ರೇಷ್ಮೆಗೂಡು ಬೇಯುವ ವಾಸನೆ. ಬೆಂಗಳೂರಿನ ಕಾನ್ವೆಂಟ್‌ನಲ್ಲಿ, ಲ್ಯಾವೆಂಡರ್ ಪೌಡರಿನ ಸಿಸ್ಟರ್‌ಗಳ ನಡುವೆ ಬೆಳೆದ ನಾನು ಕರ್ಚೀಫು ಮೂಗಿಗೊತ್ತಿಕೊಂಡು, "ಹೌ ಹಾರಿಬಲ್!" ಎಂದುಬಿಟ್ಟೆ. ನನ್ನ ಅತ್ತೆ, "ಏನಂದ್ಲು?" ಎಂದು ಕೇಳಿದರು. ನಮ್ಮ ಯಜಮಾನರು ಮುಖ ಅಲ್ಲಾಡಿಸದೆ, "ಊರು ಚೆನ್ನಾಗೈತಂತೆ" ಎಂದರು. ಆಮೇಲೆ ಆ ವಾಸನೆ ನನಗೆ ತಿಳಿಯದೆಯೇ ನನ್ನದಾಯಿತು. ಈಗ ಅದು ಇಲ್ಲ. ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಸಾಬರ ಮನೆಗಳ ಜಾಗದಲ್ಲಿ ಮೊಬೈಲ್ ಅಂಗಡಿಗಳಿವೆ. ಒಂದೊಂದು ದಿನ ಬೈರಮಂಗಲದ ಕೊಳೆತ ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಬೇರೆಯೇ ಒಂದು ವಾಸನೆ ಬರುತ್ತದೆ. ಅದನ್ನು ಯಾರೂ ತಮ್ಮದೆನ್ನುವುದಿಲ್ಲ.

ಕಾರ್ಖಾನೆಗಳಿಗಿಂತ ಮೊದಲು ಬಂದದ್ದು ಕಲ್ಲುಗಳು. ಒಂದು ಬೇಸಿಗೆಯಲ್ಲಿ ಯಾರೋ ಜೀಪಿನಲ್ಲಿ ಬಂದು ಊರಾಚೆಯ ಹೊಲಗಳಲ್ಲಿ ಬಿಳಿ ಬಣ್ಣದ ಕಲ್ಲು ನೆಟ್ಟು ಹೋದರು. ಕಲ್ಲು ನೆಟ್ಟ ಹೊಲದಲ್ಲೇ ಜನ ಇನ್ನೂ ಕೆಲವು ವರ್ಷ ರಾಗಿ ಬೆಳೆದರು, ಆ ಕಲ್ಲಿಗೇ ಕುರಿ ಕಟ್ಟಿದರು. ಆಮೇಲೆ ಕಾಂಪೌಂಡ್ ಬಂತು, ಗೇಟ್ ಬಂತು, ಬಿಳಿ ಬಣ್ಣದ ಕಂಪನಿ ಬಸ್ಸುಗಳು ಬಂದವು. ಬಸ್ಸಿನಿಂದ ಇಳಿದವರ ಭಾಷೆ ನಮಗೆ ತಿಳಿಯುತ್ತಿರಲಿಲ್ಲ. ಅವರಿಗಾಗಿ ಇದ್ದಬದ್ದ ಹಿತ್ತಲುಗಳಲ್ಲೆಲ್ಲ ತಗಡಿನ ಶೀಟು ಹೊದಿಸಿದ ರೂಮುಗಳು ಸಾಲಾಗಿ ಎದ್ದವು.

ಆಗ ಊರಿನ ದೊಡ್ಡವರಿಗೆಲ್ಲ ಪುರಸಭೆಯ ಆಸೆ ಹುಟ್ಟಿತು. ಪುರಸಭೆಯಾಗಬೇಕಾದರೆ ಇಷ್ಟು ತಲೆ ಇರಬೇಕೆಂಬ ನಿಯಮವಿತ್ತು. ಮನೆಮನೆಗೆ ಹೋಗಿ ಕುಟುಂಬದ ಪಟ್ಟಿ ಬರೆಯುವ ಕೆಲಸ ಟೀಚರುಗಳಾದ ನಮ್ಮ ಪಾಲಿಗೆ ಬಂತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನಗೆ ಊರಿನ ಕಡೆಯ ಬೀದಿಗಳನ್ನು ಕೊಟ್ಟರು. ಹೊರಡುವ ದಿನ ಪಂಚಾಯ್ತಿಯ ಅಧ್ಯಕ್ಷರು ಬಾಗಿಲವರೆಗೆ ಬಂದು, "ಮೇಡಮ್ಮೋರೆ, ಒಂದು ತಲೆನೂ ಬುಡಬ್ಯಾಡಿ. ಒಟ್ಟೇಲಿರದನ್ನೂ ಬರ್ಕಳಿ" ಎಂದರು.

"ಕುರಿಗಳು?" ಎಂದೆ ನಾನು, ತಮಾಷೆಗೆ.

"ಅವು ಓಟು ಆಕಾಕಿಲ್ವಲ್ಲ. ಇಲ್ದಿದ್ರೆ ಅವ್ನೂ ಬರುಸ್ತಿದ್ದೆ."

ಹಾಗೆ ಎಲ್ಲರ ಬಾಯಲ್ಲೂ ತಲೆಗಳು ಹೆಚ್ಚಾದವು. ಸೋಲೂರಿಗೆ ಮದುವೆಯಾಗಿ ಹೋದ ಮಗಳನ್ನೂ ಹೇಳಿದರು, ಸತ್ತು ವರ್ಷ ತುಂಬದ ಅಜ್ಜಿಯನ್ನೂ ಹೇಳಿದರು. ನಾನು ಕೇಳಿ, ನೋಡಿ, ಹೊಡೆದುಹಾಕಬೇಕಾದ್ದನ್ನು ಮೊದಲೇ ಬರೆಯದೆ, ಒಂದು ಬ್ಲಾಟ್ ಇಲ್ಲದಂತೆ ತುಂಬುತ್ತ ಹೋದೆ. "ನೀಟ್‌ನೆಸ್ ಮತ್ತು ಟ್ರುತ್, ಎರಡೂ ಒಂದೇ ಪುಟದಲ್ಲಿರಬೇಕು" ಎಂದು ಸಿಸ್ಟರ್ ಸ್ಕೇಲಿನಿಂದ ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದ್ದರು.

ಕಡೆಯ ಬೀದಿಯ ಕಡೆಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಿದ್ದವು. ಒಂದು ನೂಲು ತೆಗೆಯುವ ಸಾಬರದು, ಇನ್ನೊಂದು ಕುರಿ ಸಾಕುತ್ತಿದ್ದ ಗಂಡಹೆಂಡಿರದು. ಕುರಿಯವರ ಮನೆಯ ಹಿಂದೆಯೇ ಆ ಬಿಳಿ ಕಲ್ಲು. ನಾನು ಹೋದಾಗ ಗಂಡ ಕುರಿ ಹೊಡೆದುಕೊಂಡು ಹೋಗಿದ್ದ. ಹೆಂಡತಿ ಜಗುಲಿಯ ಮೇಲೆ ಕೂತು ಮಗುವಿಗೆ ಹಾಲೂಡುತ್ತಿದ್ದಳು. ಎರಡು ವರ್ಷ ತುಂಬಿರಬಹುದಾದ ಹೆಣ್ಣುಮಗು. ಕೈಯಲ್ಲಿ ಚನ್ನಪಟ್ಟಣದ ಕೆಂಪು ಗಿಲಕಿ. ಗಂಡನ ಹೆಸರು, ಅವಳ ಹೆಸರು ಬರೆದುಕೊಂಡೆ. "ಮಗುವಿನ ಹೆಸರು?" ಎಂದೆ.

"ಅದು ನಮ್ದಲ್ಲ ಕಣ್ರವ್ವ."

"ನಿಮ್ಮದಲ್ಲದ ಮಗುವಿಗೆ ನೀನು ಯಾಕಮ್ಮ ಹಾಲು ಕೊಡ್ತಿದ್ದೀಯ?"

ಅವಳು ಸೆರಗು ಎಳೆದುಕೊಂಡಳು. "ಮಾರ್ಬುಟ್ಟಿವಿ."

ನನ್ನ ಪೆನ್ನು ನಿಂತಿತು. ಅಷ್ಟರಲ್ಲಿ ಜಗುಲಿಯ ಮೋಟುಗೋಡೆಯ ಮೇಲಿಂದ ಪಕ್ಕದ ಮನೆಯಾಕೆಯ ಮುಖ ಎದ್ದಿತು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬಿಳುಚಿಕೊಂಡ ಬೆರಳುಗಳನ್ನು ಗೋಡೆಯ ಮೇಲಿಟ್ಟು ಆಕೆ ನಕ್ಕಳು. "ಹೌದು ಟೀಚರಮ್ಮಾ, ನಾನೇ ಕೊಂಡ್ಕೊಂಡಿದ್ದು. ಒಂದು ಮೊರ ತೌಡು ಕೊಟ್ಟೆ. ಈ ಅಳುಮುಂಜಿಗೆ ಅರ್ಧ ಮೊರ ಸಾಕಾಗಿತ್ತು, ನಾನೇ ಮೋಸ ಹೋದೆ!"

"ಅಕ್ಕ, ನೀ ಸುಮ್ಕಿರು" ಎಂದು ಇವಳು ರೇಗಿದಳು. ಇಬ್ಬರೂ ನಕ್ಕರು.

ಆಮೇಲೆ ಇಬ್ಬರೂ ಸೇರಿ ನನಗೆ ತಿಳಿಸಿಕೊಟ್ಟರು. ಹುಟ್ಟಿದ ಎರಡು ಮಕ್ಕಳು ಹೋಗಿದ್ದವು. ಮೂರನೆಯದು ಹುಟ್ಟಿದಾಗ ಅದನ್ನು ಮೊರದಲ್ಲಿಟ್ಟು, ತಿಪ್ಪೆಗೆ ಮುಟ್ಟಿಸಿ, ಪಕ್ಕದ ಮನೆಯಾಕೆಗೆ ತೌಡಿಗೆ ಮಾರಿದ್ದರು. ಆಕೆ ಅದನ್ನು ಸಾಕಲು ಇವಳಿಗೇ ಒಪ್ಪಿಸಿದ್ದಳು. ಹಾಗೆ ಮಾಡಿದರೆ ಆ ಮಗು ಈ ಮನೆಯದಲ್ಲ, ಈ ಮನೆಗೆ ಬರುವ ಸಾವು ಅದನ್ನು ಹುಡುಕುವುದಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ ಒಂದು ಮೊರ ರಾಗಿ ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಈ ಸೂರಿನ ಕೆಳಗೆ ಅದನ್ನು ಯಾರೂ ಎಣಿಸಬಾರದು.

"ಹಾಗಾದರೆ ನಿಮ್ಮ ಮನೆಯಲ್ಲಿ ಬರೆಯಲೇ?" ಎಂದು ಪಕ್ಕದಾಕೆಯನ್ನು ಕೇಳಿದೆ.

"ತೋಬಾ! ನಮ್ಮವರು ನನ್ನ ಓಡಿಸಿಬಿಡ್ತಾರೆ. ಎಲ್ಲಿಂದ ಬಂತು ಇದು ಅಂತ ಕೇಳೋದಿಲ್ವಾ ನಾಳೆ ಸರ್ಕಾರದವರು?"

ನಾನು ಪೆನ್ನನ್ನು ಮೂರನೆಯ ಗೆರೆಗೆ ತಂದೆ. ತಾಯಿ ನನ್ನ ಕೈ ಹಿಡಿದುಕೊಂಡಳು. ಬರೆಯುವ ಕೈಯನ್ನೇ. "ಎರಡ ಮಣ್ಣಿಗಿಟ್ಟಿವ್ನಿ ಮೇಡಮ್ಮೋರೆ. ಇದ ಒಂದ ಈ ಮನೆ ಲೆಕ್ಕುಕ್ಕೆ ತಗಬ್ಯಾಡಿ. ಅಲ್ಲು ಬಂದ್ಮ್ಯಾಕೆ ನಾನೇ ನಿಮ್ಮ ಇಸ್ಕೂಲ್ತಾವ್ಕೆ ಬಂದು ಬರುಸ್ತೀನಿ. ನಿಮ್ಮ ಕಾಲಿಗ್ ಬೀಳ್ತೀನಿ."

ನನ್ನದೂ ಒಂದು ಮಣ್ಣಿನಲ್ಲಿತ್ತು. ಹೆಸರಿಡುವ ಮೊದಲೇ ಹೋದದ್ದು. ಅದನ್ನು ಅವಳಿಗೆ ಹೇಳಲಿಲ್ಲ. ಮಗುವನ್ನು ಒಂದು ಸಲ ಎತ್ತಿಕೊಂಡೆ, ಪಕ್ಕದಾಕೆ ಗೋಡೆಯ ಮೇಲಿಂದ ಕೊಟ್ಟ ಚಹಾ ಕುಡಿದೆ, ಒಟ್ಟು ಎಂಬ ಕಡೆ ಎರಡು ಎಂದು ಬರೆದೆ. ಪುಟದ ಕೆಳಗೆ ಅಚ್ಚಾಗಿದ್ದ ಸಾಲು ಹೀಗಿತ್ತು: ಈ ಮನೆಗಳಲ್ಲಿ ಯಾರನ್ನೂ ಬಿಟ್ಟಿರುವುದಿಲ್ಲವೆಂದು ದೃಢೀಕರಿಸುತ್ತೇನೆ. ಅದರ ಕೆಳಗೆ ನನ್ನ ಕರ್ಸಿವ್ ಸಹಿ. ಎಷ್ಟು ಚೆಂದದ ಸಹಿ!

ಆಮೇಲೆ ಸೇರಿಸಿದರಾಯಿತು ಎಂದುಕೊಂಡೆ. ಅಧ್ಯಕ್ಷರಿಗೆ ಬೇಕಾದಷ್ಟು ತಲೆ ಸಿಕ್ಕವು. ಪುರಸಭೆಯಾಯಿತು, ಮೈಸೂರುಪಾಕು ಹಂಚಿದರು, ಹಳದಿ ಬೋರ್ಡು ನೆಟ್ಟರು. ಪಟ್ಟಿ ಬೀರು ಸೇರಿತು. ಮುಂದೆ ರೇಷನ್ ಕಾರ್ಡಿಗೂ, ನೀರಿನ ನಲ್ಲಿಗೂ, ಎಲ್ಲಕ್ಕೂ ಅದೇ ಪಟ್ಟಿಯನ್ನು ತೆಗೆದು ನೋಡತೊಡಗಿದರು.

ತಾಯಿ ನನ್ನ ಸ್ಕೂಲಿಗೆ ಬರಲಿಲ್ಲ. ಮೂರು ವರ್ಷ ಕಳೆದ ಮೇಲೆ ಕುರಿ ಕಾಯುವ ಗಂಡ ಎದೆನೋವೆಂದು ಕೂತವನು ಏಳಲಿಲ್ಲ. ಮಾರನೆಯ ವರ್ಷ ಅವಳು ಜ್ವರದಲ್ಲಿ ಹೋದಳು. ಮಗುವಿನ ಮೊದಲ ಹಲ್ಲು ಆಗ ಅಲ್ಲಾಡುತ್ತಿತ್ತಂತೆ. ಬಿಡಿಸಿಕೊಳ್ಳುವವರು ಯಾರೂ ಉಳಿಯಲಿಲ್ಲ. ಪಕ್ಕದಾಕೆಯೇ ಅದನ್ನು ಸಾಕಿದಳು. ಸ್ಕೂಲಿಗೆ ಸೇರಿಸುವಾಗ ಪೋಷಕರು ಎಂಬ ಕಡೆ ತನ್ನ ಹೆಬ್ಬೆಟ್ಟು ಒತ್ತಿದಳು. ಊಟ ಹಾಕುತ್ತಿದ್ದುದು ತನ್ನ ಮನೆಯಲ್ಲಿ. ಆದರೆ ಪ್ರತಿ ಸಂಜೆ, "ಹೋಗು ಬೇಟಿ, ನಿಮ್ಮ ಮನೆ ದೀಪ ನೀನೇ ಹಚ್ಚು" ಎಂದು ಕಳಿಸುತ್ತಿದ್ದಳು. ಹುಡುಗಿ ಆಕೆಯನ್ನು ಖಾಲಾ ಎನ್ನುತ್ತಿದ್ದಳು, ಅಂದರೆ ದೊಡ್ಡಮ್ಮ.

ಅವಳು ನನ್ನ ಕ್ಲಾಸಿಗೂ ಬಂದಳು. ಕೊನೆಯ ಬೆಂಚು. ತಾಯಿಯದೇ ಕಣ್ಣು. ನನ್ನ ಕರ್ಸಿವ್ ನೋಡಿ ನೋಡಿ ತಾನೂ ಹಾಗೇ ಬರೆಯಲು ಕಲಿತಳು. ಮೂರು ವರ್ಷ ದಿನಾ ಅವಳ ಹಾಜರಿ ಕೂಗಿದೆ. ನಿನ್ನನ್ನು ಒಂದು ಕಡೆ ಸೇರಿಸುವುದು ಬಾಕಿ ಇದೆ ಎಂದು ಒಂದು ದಿನವೂ ಹೇಳಲಿಲ್ಲ. ಅದೊಂದು ಅರ್ಜಿಯ ಕೆಲಸ, ಅರ್ಧ ದಿನದ ರಜೆ ಹಾಕಿದ್ದರೆ ಮುಗಿಯುತ್ತಿತ್ತು.

ಕಡೆಗೂ ಆ ಬಿಳಿ ಕಲ್ಲು ಎಚ್ಚರಗೊಂಡಿತು. ಹೊಲದ ಜೊತೆ ಕಡೆಯ ಬೀದಿಯೂ ಕಾರ್ಖಾನೆಯ ರಸ್ತೆಗೆ ಹೋಗುವುದೆಂದಾಯಿತು. ಮನೆ ಕಳೆದುಕೊಂಡ ಪ್ರತಿ ಕುಟುಂಬಕ್ಕೂ ಹೊಸ ಬಡಾವಣೆಯಲ್ಲಿ ಒಂದು ಸೈಟು ಕೊಡುತ್ತೇವೆಂದರು. ಯಾವ ಕುಟುಂಬ ಎಂದು ತೀರ್ಮಾನಿಸಲು ಹಳೆಯ ಪಟ್ಟಿಯನ್ನು ಹೊರತೆಗೆದರು. ಅದರ ಪ್ರಕಾರ ಕುರಿಯವರ ಮನೆಯಲ್ಲಿ ಇದ್ದವರು ಇಬ್ಬರು, ಇಬ್ಬರೂ ಮೃತರು, ವಾರಸುದಾರರಿಲ್ಲ.

ಹುಡುಗಿಗೆ ಆಗ ಇಪ್ಪತ್ತರ ಹತ್ತಿರ. ಒಂದು ಬೆಳಿಗ್ಗೆ ಝೆರಾಕ್ಸ್ ಕಾಗದ ಹಿಡಿದು ನಮ್ಮ ವರಾಂಡಕ್ಕೆ ಬಂದಳು. "ಮಿಸ್, ಇದು ನಿಮ್ಮ ಬರವಣಿಗೆ ಅಲ್ವಾ? ನೋಡಿದ ತಕ್ಷಣ ಗೊತ್ತಾಯ್ತು. ನನ್ನ ಹೆಸರು ಬುಟ್ಟೋಗೈತೆ ಮಿಸ್. ಒಸಿ ಬಂದು ಹೇಳ್ತೀರಾ? ಇರೋದು ಅದೊಂದೇ ಮನೆ."

ನಾನು ಕೂತು ಅವಳಿಗೆ ಎಲ್ಲ ಹೇಳಬೇಕಿತ್ತು. "ಬರ್ತೀನಿ ಕಣಮ್ಮ" ಎಂದಷ್ಟೇ ಹೇಳಿದೆ. ರಿಟೈರ್ ಆಗಲು ನನಗೆ ಇನ್ನು ಕೆಲವೇ ತಿಂಗಳಿತ್ತು. ನಮ್ಮ ಯಜಮಾನರು, "ಗೊತ್ತಿದ್ದೂ ಸುಳ್ಳು ಬರೆದೆ ಅಂತ ಒಪ್ಕೊಂಡರೆ ಎನ್‌ಕ್ವೈರಿ ಇಡ್ತಾರೆ, ಪೆನ್ಷನ್ ನಿಲ್ಲಿಸ್ತಾರೆ. ಕಣ್ತಪ್ಪು ಅಂತ ಬರಿ. ಎಲ್ಲಾರೂ ಹಾಗೇ ಬರೀತಾರೆ. ಅವಳ ಕೆಲಸವೂ ಆಗ್ತದೆ, ನಿನಗೂ ತೊಂದರೆ ಇಲ್ಲ" ಎಂದರು. ಸರಿಯೆನಿಸಿತು. ಕಣ್ತಪ್ಪಿನಿಂದ ಮಗುವಿನ ಹೆಸರು ಬಿಟ್ಟುಹೋಗಿದೆ ಎಂದು ಬರೆದು ಸಹಿ ಮಾಡಿದೆ.

ವಿಚಾರಣೆಯ ದಿನ ಆಫೀಸಿನಲ್ಲಿ ನಾವು ಮೂವರು ಬೆಂಚಿನ ಮೇಲೆ ಕೂತಿದ್ದೆವು. ನಾನು, ಹುಡುಗಿ, ನಡುವೆ ಖಾಲಾ. ಸಾಕ್ಷಿಯೊಬ್ಬರು ಬೇಕು ಎಂದಿದ್ದಕ್ಕೆ ಆಕೆ ಒಗೆದ ಬುರ್ಖಾ ಹಾಕಿಕೊಂಡು, ಎಲೆಅಡಿಕೆಯನ್ನು ಹೊರಗೇ ಉಗುಳಿ ಬಂದಿದ್ದಳು. ನಾನು ಏನು ಬರೆದಿದ್ದೇನೆಂದು ಆಕೆಗೆ ಹೇಳಿರಲಿಲ್ಲ. ಓದು ಬಾರದವಳಿಗೆ ಹೇಳಬೇಕೆಂದು ಹೊಳೆಯಲೂ ಇಲ್ಲ.

ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ನನ್ನ ಹೇಳಿಕೆ ಓದಿ, ಹಳೆಯ ಪುಟವನ್ನು ಮುಂದಿಟ್ಟುಕೊಂಡು, "ಎಷ್ಟು ನೀಟಾಗಿ ಬರೆದಿದ್ದೀರಿ ಮೇಡಂ. ಇಡೀ ಬೀದಿಯಲ್ಲಿ ಒಂದು ಕಡೆಯೂ ಹೊಡೆದುಹಾಕಿಲ್ಲ. ಇಂಥವರಿಗೆ ಕಣ್ತಪ್ಪಾಯ್ತಾ?" ಎಂದರು. ಆಮೇಲೆ ಖಾಲಾ ಕಡೆ ತಿರುಗಿ, "ಮಗುವಿನ ಹೆಸರು ಕಣ್ತಪ್ಪಿನಿಂದ ಬಿಟ್ಟುಹೋಯ್ತು ಅಂತಾರೆ. ನಿಮಗೆ ಗೊತ್ತಾ?" ಎಂದು ಕೇಳಿದರು.

"ಕಣ್ತಪ್ಪಾ!" ಖಾಲಾ ನನ್ನ ಪರವಾಗಿ ಸಿಟ್ಟಾದಳು. "ಟೀಚರಮ್ಮನ ಕಣ್ಣು ಯಾಕ್ ತಪ್ತದೆ ಸಾಬ್? ಅವರಿಗೆ ಎಲ್ಲಾ ಗೊತ್ತಿತ್ತು. ಮಗೂನ ಎತ್ಕೊಂಡು ಆಡಿಸಿದ್ರು, ನಮ್ಮನೆ ಚಾ ಕುಡಿದ್ರು. ಇವಳಮ್ಮ ಬರೀಬೇಡಿ ಅಂತ ಕೈ ಹಿಡ್ಕೊಂಡು ಅತ್ತಳು, ಬರೀಲಿಲ್ಲ. ಅಷ್ಟು ಒಳ್ಳೇ ಮನಸ್ಸು ಅವರದು."

"ಹಾಗಾದ್ರೆ ಮಗು ಯಾರದು?"

"ಹೆತ್ತಿದ್ದು ಅವಳು. ಕೊಂಡ್ಕೊಂಡಿದ್ದು ನಾನು, ಒಂದು ಮೊರ ತೌಡಿಗೆ."

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿದ. "ಏನು, ಕೊಂಡ್ಕೊಂಡ್ರಾ?"

"ಹೌದಪ್ಪ. ಊರಿಗೆಲ್ಲಾ ಗೊತ್ತು."

"ಆಮೇಲೆ ವಾಪಸ್ ಕೊಟ್ರಾ?" ಎಂದರು ಅಧಿಕಾರಿ.

"ಬಿಡಿಸ್ಕೊಳ್ಳೋಕೆ ಯಾರಿದ್ರು ಸಾಬ್? ಅವಳೇ ಹೋಗ್ಬಿಟ್ಟಳಲ್ಲ."

ಗುಮಾಸ್ತನ ಪೆನ್ನು ಓಡುವ ಸದ್ದು ಕೇಳಿಸುತ್ತಿತ್ತು. ಅಧಿಕಾರಿ ನನ್ನನ್ನು ನೋಡಿದರು. "ಮೇಡಂ, ನೀವು ಓದಿದವರು. ಯಾವುದು ನಿಜ ಹೇಳಿ. ಗೊತ್ತಿತ್ತಾ, ಗೊತ್ತಿರಲಿಲ್ವಾ? ಈಕೆ ಹೇಳೋದೇ ನಿಜವಾದ್ರೆ, ಯಾಕೆ ಬಿಟ್ಟಿರಿ ಅಂತ ಬೇರೆ ಬರೆದುಕೊಡಿ, ಪರಿಗಣಿಸ್ತೀನಿ."

ನಿಜ ಹೇಳಲು ಬಾಗಿಲು ತೆರೆದೇ ಇತ್ತು. ಅವರೇ ತೆರೆದು ಹಿಡಿದಿದ್ದರು. ನನ್ನ ಬಾಯಲ್ಲಿ ಬಂದದ್ದು ಇಂಗ್ಲಿಷ್. "ಇಟ್ ವಾಸ್ ಆನ್ ಓವರ್‌ಸೈಟ್, ಸರ್. ಐ ಡೋಂಟ್ ರಿಮೆಂಬರ್ ಎನಿಥಿಂಗ್ ಎಲ್ಸ್."

ಅದೇ ಕಣ್ತಪ್ಪು. ಯಾಕೆ ಇಂಗ್ಲಿಷ್? ಖಾಲಾಗೆ ತಿಳಿಯದಿರಲಿ ಎಂದೇ. ಆಕೆಗೆ ತಿಳಿಯಲಿಲ್ಲ. ಹುಡುಗಿಗೆ ತಿಳಿಯಿತು. ಅವಳಿಗೆ ಆ ಭಾಷೆ ಕಲಿಸಿದವಳು ನಾನೇ. ಅವಳು ನನ್ನ ಕಡೆ ನೋಡಲಿಲ್ಲ, ತನ್ನ ಕೈಯಲ್ಲಿದ್ದ ಝೆರಾಕ್ಸನ್ನು ನಾಲ್ಕಾಗಿ ಮಡಿಸಿದಳು.

ಮೆಟ್ಟಿಲಿಳಿಯುವಾಗ ಖಾಲಾ ನನ್ನ ತೋಳು ಹಿಡಿದುಕೊಂಡು, "ನಾನು ಇದ್ದಿದ್ದು ಇದ್ದಂಗೆ ಹೇಳ್ದೆ ಅಲ್ವಾ ಟೀಚರಮ್ಮಾ? ಕೆಲಸ ಆಯ್ತು ತಾನೇ?" ಎಂದಳು. ನಾನು ಹ್ಞೂಂ ಎಂದೆ.

ಆದೇಶ ಒಂದೇ ಪುಟ. ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿವೆ, ಅರ್ಜಿದಾರಳು ಬೇರೊಂದು ಕುಟುಂಬಕ್ಕೆ ಸೇರಿದವಳೆಂದು ಸಾಕ್ಷಿಯಿಂದ ಕಂಡುಬರುತ್ತದೆ, ಅರ್ಜಿಯನ್ನು ತಿರಸ್ಕರಿಸಿದೆ. ಆ ಬೇರೊಂದು ಕುಟುಂಬಕ್ಕೆ ಅದರ ಸೈಟು ಆಗಲೇ ಸಿಕ್ಕಿತ್ತು. ಅಲ್ಲಿ ಖಾಲಾನ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಮೂಲೆಯಲ್ಲಿ ಒಂದು ಚಾಪೆಗೂ ಜಾಗವಿಲ್ಲ. ರಿಟೈರಾದ ಮೇಲೆ, ಪೆನ್ಷನ್ ಪುಸ್ತಕ ಕೈಗೆ ಬಂದ ಮೇಲೆ, ನಾನು ನಡೆದದ್ದನ್ನೆಲ್ಲ ಬರೆದು ಮೇಲಿನ ಆಫೀಸಿಗೆ ಕಳಿಸಿದೆ. ಆಕ್ಷೇಪಣೆಯ ಅವಧಿ ಮುಗಿದಿದೆ ಎಂದು ಕಾಗದ ವಾಪಸು ಬಂತು. ಆಗ ಧೈರ್ಯ ಬಂದಿತ್ತು ಎಂದುಕೊಳ್ಳುವ ಹಾಗೂ ಇಲ್ಲ. ಕಳೆದುಕೊಳ್ಳುವ ಭಯ ನನಗೆ ಉಳಿದಿರಲಿಲ್ಲ, ಅಷ್ಟೇ.

ಮನೆ ಕೆಡವುವ ಹಿಂದಿನ ದಿನ ನಾನು ಅಲ್ಲಿಗೆ ಹೋಗಿದ್ದೆ. ಖಾಲಾ ಜಗುಲಿಯಲ್ಲಿ ಕೂತಿದ್ದಳು. ಅಷ್ಟು ಹೊತ್ತಿಗೆ ಯಾರೋ ಆಕೆಗೆ ಎಲ್ಲ ಬಿಡಿಸಿ ಹೇಳಿದ್ದರು. ನನ್ನನ್ನು ಬೈಯಲಿಲ್ಲ, ತಲೆಯನ್ನೇ ಎತ್ತಲಿಲ್ಲ. ಹುಡುಗಿ ಒಳಗಿಂದ ಒಂದು ಮೊರ ರಾಗಿ ತಂದು ಆಕೆಯ ಮಡಿಲಿಗೆ ಸುರಿದಳು. "ತಗೋ ಖಾಲಾ. ಬುಡಿಸ್ಕಂಡೆ."

"ನಿನ್ನ ನೀನೇ ಬಿಡಿಸ್ಕೊಳ್ಳೋ ಹಂಗಾಯ್ತಲ್ಲ ಬೇಟಿ" ಎಂದು ಆಕೆ ಅತ್ತಳು. ರಾಗಿ ಮಡಿಲಿನಿಂದ ಜಾರಿ ಜಗುಲಿಯ ಮೇಲೆಲ್ಲ ಚೆಲ್ಲಿತು. ಯಾರೂ ಬಳಿದು ತುಂಬಲಿಲ್ಲ.

ನಾನು ಹುಡುಗಿಯ ಹತ್ತಿರ ಹೋಗಿ ಸಾರಿ ಎಂದೆ. ಎಷ್ಟು ಸಣ್ಣ ಪದ! ಕಾಲು ತುಳಿದರೂ ಅದನ್ನೇ ಹೇಳುತ್ತೇವೆ. "ಓಗ್ಲಿ ಬುಡಿ ಮಿಸ್" ಎಂದಳು. ಬೈದಿದ್ದರೆ ನನಗೆ ಮನೆಗೆ ನಡೆದು ಹೋಗುವುದು ಸುಲಭವಾಗುತ್ತಿತ್ತು.

ಖಾಲಾ ಈಗಿಲ್ಲ. ನಮ್ಮ ಯಜಮಾನರೂ ಇಲ್ಲ. ಹುಡುಗಿ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟಿನ ಮೇಲೆ ನೆಲ ಒರೆಸುತ್ತಾಳೆ. ಅವಳು ಒರೆಸುವ ನೆಲದ ಕೆಳಗಿನ ಮಣ್ಣಿನಲ್ಲಿ ಒಂದು ಕಾಲಕ್ಕೆ ಅವಳ ಅಪ್ಪನ ಕುರಿಗಳು ಮೇಯುತ್ತಿದ್ದವು. ನಮ್ಮ ಹಿಂದಿನ ಬೀದಿಯ ಶೀಟು ರೂಮೊಂದರಲ್ಲಿ ಬೇರೆ ಹೆಂಗಸರ ಜೊತೆ ಇದ್ದಾಳೆ. ನಮ್ಮ ಮನೆಗೇ ಬಂದು ಇರು ಎಂದು ಎರಡು ಸಲ ಕರೆದೆ. ಎರಡು ಸಲವೂ, "ಯಾಕೆ ಮಿಸ್, ಬುಡಿ" ಎಂದಳು.

ಮೊನ್ನೆ ಪುರಸಭೆಯವರು ಮತ್ತೆ ಮನೆಮನೆಯ ಪಟ್ಟಿ ಮಾಡಿಸಿದರು. ನಮ್ಮ ಮನೆಗೆ ಬಂದ ಟೀಚರು ನನ್ನದೇ ಹಳೆಯ ಸ್ಟೂಡೆಂಟ್. ಕೈಯಲ್ಲಿ ಕಾಗದವಿಲ್ಲ, ಫೋನು. ನನ್ನದನ್ನು ಒತ್ತಿ ಮುಗಿಸಿದಳು: ಒಬ್ಬರು. "ಹಿಂದಿನ ಬೀದಿ ಶೀಟು ರೂಮುಗಳಿಗೆ ಹೋದೆಯಾ?" ಎಂದೆ.

"ಹೋಗಿದ್ದೆ ಮಿಸ್. ಕೊನೇ ರೂಮಿಗೆ ಬೀಗ. ಎಲ್ಲಾ ಶಿಫ್ಟಿಗೆ ಹೋಗಿದ್ದಾರಂತೆ. ಡೋರ್ ಲಾಕ್ಡ್ ಅಂತ ಹಾಕಿಬಿಟ್ಟೆ."

ಹುಡುಗಿ ಇದ್ದದ್ದು ಆ ರೂಮಿನಲ್ಲೇ. ಟೀಚರ ಕೈ ಹಿಡಿದುಕೊಂಡೆ. ಫೋನು ಹಿಡಿದ ಕೈಯನ್ನೇ. "ಈಗಲೇ ಬಾ ನನ್ನ ಜೊತೆ. ಪ್ಲೀಸ್. ಕಂಪನಿ ಬಸ್ಸು ಬರುವವರೆಗೆ ಕಾಯೋಣ." ಅವಳಿಗೆ ಗಾಬರಿಯಾಗಿರಬೇಕು, ಎದ್ದು ಬಂದಳು. ಮಧ್ಯಾಹ್ನದ ಬಿಸಿಲಲ್ಲಿ ಆ ಬೀಗದ ಮುಂದೆ, ಚರಂಡಿಯ ಕಲ್ಲಿನ ಮೇಲೆ, ಇಬ್ಬರೂ ಕೂತೆವು. ಬಾಗಿಲ ಹೊರಗೆ ಆರು ಪ್ಲಾಸ್ಟಿಕ್ ಬಕೆಟ್ ಇದ್ದವು. ನಾನು ಎಣಿಸಿದೆ, ಮತ್ತೆ ಎಣಿಸಿದೆ.

ಬಿಳಿ ಬಸ್ಸು ಬಂದು ನಿಂತಿತು. ಆರು ಹೆಂಗಸರು ಇಳಿದರು, ಕೊನೆಯವಳು ಆ ಹುಡುಗಿ. ತಲೆಯಲ್ಲಿ ಬಿಳಿ ಕೂದಲು ಕಾಣುತ್ತಿತ್ತು. ನಾವು ಯಾಕೆ ಬಂದಿದ್ದೇವೆಂದು ಕೇಳಿ ಅವಳು ಸುತ್ತ ನೋಡಿ ದನಿ ತಗ್ಗಿಸಿದಳು.

"ನಾಕೇ ಬರ್ಕಳಿ ಮಿಸ್. ಓನರು ಪುರಸಭೆಗೆ ರೂಮಿಗೆ ನಾಕೇ ಜನ ಅಂತ ಬರಕೊಟ್ಟವ್ರೆ. ಆರು ಅಂತ ಗೊತ್ತಾದ್ರೆ ನಾಳೆನೇ ಇಬ್ರನ್ನ ಆಚೆಗಾಕ್ತಾರೆ. ಕಡೇಲಿ ಬಂದೋಳು ನಾನು."

"ಇಲ್ಲ ಕಣಮ್ಮ, ಈ ಸಲ ನೀನು ಇರಲೇಬೇಕು" ಎಂದೆ.

"ಇರದೆಲ್ಲಿ ಮಿಸ್?" ಎಂದಳು. ಅಣಕವಲ್ಲ, ನಿಜಕ್ಕೂ ಕೇಳಿದಳು. "ಪಟ್ಟೀಲಿದ್ರೆ ಮಲಗಾಕೆ ಜಾಗ ಇರಾಕಿಲ್ಲ. ನಿಮ್ಮ ಕಾಲಿಗ್ ಬೀಳ್ತೀನಿ, ಬರುಸ್ಬ್ಯಾಡಿ."

ಅದೇ ಮಾತು. ಅದೇ ಕಣ್ಣು. ಟೀಚರು ಫೋನಿನ ಮೇಲೆ ಬೆರಳಿಟ್ಟುಕೊಂಡು ನನ್ನನ್ನು ನೋಡಿದಳು. "ಏನ್ ಹಾಕಲಿ ಮಿಸ್?"

"ನಾಲ್ಕು" ಎಂದೆ.

ಹುಡುಗಿ ಬೀಗ ತೆಗೆದು, ಚಪ್ಪಲಿ ಬಿಟ್ಟು, ಒಳಗೆ ಹೋದಳು.